ಮೊದಲ ಜ್ಯೂರಿ ಡ್ಯೂಟಿ: ನನಗೆ ಅರ್ಥವಾದಷ್ಟು (ಕ್ಯಾಲಿಫೋರ್ನಿಯಾ)

ಅಮೆರಿಕದ ಸಿಟಿಜನ್ ಆದ ಮೇಲೆ, ಕೇಸ್ ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪಿಗೆ, ಅಂದರೆ ಜ್ಯೂರಿಗೆ, ಕೋರ್ಟಿನಿಂದ ಸಮನ್ಸ್ ಇವತ್ತಲ್ಲ ನಾಳೆ ಬರುತ್ತದೆ. ಡಿಎಂವಿ (ಡ್ರೈವಿಂಗ್ ಲೈಸೆನ್ಸ್ ಕೊಡುವ ಇಲಾಖೆ), ಓಟರ್ ಪಟ್ಟಿ, ರಾಜ್ಯಕ್ಕೆ ತೆರಿಗೆ ಕಟ್ಟುವವರ ಪಟ್ಟಿ, ಇವುಗಳಿಂದ ಹೆಸರು ತೆಗೆಯುತ್ತಾರೆ. ಹಾಗಾಗಿ ಗ್ರೀನ್ ಕಾರ್ಡ್‌ನವರಿಗೂ ಬರಬಹುದು. ಸಿಟಿಜನ್ ಅಲ್ಲ ಅಂತ ಉತ್ತರ ಕಳಿಸಬೇಕು, ಸುಮ್ನೆ ಕಸಕ್ಕೆ ಹಾಕಬಾರದು.

ಸಮನ್ಸ್‌ನಲ್ಲಿ ಗ್ರೂಪ್ ನಂಬರ್ ಇರುತ್ತದೆ. ಹಿಂದಿನ ಸಂಜೆ ಕೋರ್ಟಿನ ವೆಬ್‌ಸೈಟ್ ನೋಡಿ, ನಿಮ್ಮ ಗ್ರೂಪ್ ಕರೆದಿದ್ದರೆ ಮಾತ್ರ ಹೋಗಿ. ಹೋದ ದಿನವೇ ಯಾವ ಕೇಸಿಗೂ ಸೇರದಿದ್ದರೆ ಡ್ಯೂಟಿ ಮುಗಿಯಿತು, ಕನಿಷ್ಠ ಒಂದು ವರ್ಷ ಕರೆಯುವುದಿಲ್ಲ. ಭತ್ಯೆ ಎರಡನೇ ದಿನದಿಂದ, ದಿನಕ್ಕೆ 15 ಡಾಲರ್. ಕಂಪನಿ ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ, ಆದರೆ ಸಂಬಳ ಕೊಡಲೇಬೇಕು ಅಂತೇನೂ ಇಲ್ಲ. ಎಚ್‌ಆರ್‌ಗೆ ಮೊದಲೇ ಕೇಳಿಡಿ.

ಈಗ ನನ್ನ ತಲೆ ಕೆಡಿಸಿದ ಭಾಗ. ಹನ್ನೆರಡು ಜನರನ್ನು 'ಆಯ್ಕೆ' ಮಾಡುತ್ತಾರೆ ಅಂದುಕೊಂಡಿರುತ್ತೇವೆ, ಅಲ್ವಾ? ಯಾರೂ ಯಾರನ್ನೂ ಆಯ್ಕೆ ಮಾಡುವುದಿಲ್ಲ. ಅಕ್ಕಿ ಆರಿಸಿದ ಹಾಗೆ: ಬೇಡದ್ದನ್ನು ತೆಗೆಯುತ್ತಾರೆ, ಉಳಿದದ್ದೇ ಜ್ಯೂರಿ.

ಅನೇಕ ಕೋರ್ಟುಗಳಲ್ಲಿ ಹದಿನೆಂಟು ಜನರನ್ನು ಕೂರಿಸುತ್ತಾರೆ. ಹನ್ನೆರಡು ಜನ ಜ್ಯೂರಿ ಬಾಕ್ಸ್‌ನಲ್ಲಿ, ಆರು ಜನ ಮುಂದೆ. ಜಡ್ಜ್ ಕೇಳುತ್ತಾರೆ: "ಮನೆಯಲ್ಲಿ ಯಾರಾದರೂ ಪೊಲೀಸ್ ಇದ್ದಾರಾ?" ಏಳನೇ ಸೀಟಿನವರು "ಅಣ್ಣ ಇದ್ದಾನೆ" ಅನ್ನುತ್ತಾರೆ. "ಆದರೂ ಎರಡೂ ಕಡೆಯ ಮಾತನ್ನು ಸಮನಾಗಿ ಕೇಳಬಲ್ಲಿರಾ?" "ಕೇಳುತ್ತೇನೆ" ಅಂದರೆ ಬಹುಶಃ ಉಳಿಯುತ್ತಾರೆ. "ಪೊಲೀಸ್ ಹೇಳಿದ್ದನ್ನೇ ನಂಬುತ್ತೇನೆ" ಅಂದರೆ ಕಾರಣ ಸಿಕ್ಕಿತು, ಜಡ್ಜ್ ಒಪ್ಪಿದರೆ ಮನೆಗೆ. ಹೀಗೆ ಎಷ್ಟು ಜನರನ್ನು ಬೇಕಾದರೂ ತೆಗೆಯಬಹುದು.

ಇನ್ನೊಂದು ಬಗೆಯಲ್ಲಿ ಲಾಯರ್ ಕಾರಣ ಹೇಳದೆ "ಥ್ಯಾಂಕ್ಸ್, ಹೋಗಿ ಬನ್ನಿ" ಅನ್ನುತ್ತಾರೆ. ಇದಕ್ಕೆ ಮಿತಿ ಇದೆ: ಗಂಭೀರ ಕ್ರಿಮಿನಲ್ ಕೇಸಿನಲ್ಲಿ ಸಾಮಾನ್ಯವಾಗಿ ಪ್ರತಿ ಕಡೆಗೆ 10, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಆಗಬಹುದಾದರೆ 20. ಇಬ್ಬರ ನಡುವಿನ ಸಿವಿಲ್ ಕೇಸಿನಲ್ಲಿ 6. ನಾನು ನೆನಪಿಟ್ಟುಕೊಂಡಿದ್ದು ಹೀಗೆ: ಕಾರಣ ಇದ್ದರೆ ಲೆಕ್ಕ ಇಲ್ಲ, ಲೆಕ್ಕ ಇದ್ದರೆ ಕಾರಣ ಬೇಡ.

ಏಳನೇ ಸೀಟು ಖಾಲಿಯಾದರೆ ಹದಿಮೂರನೆಯವರು ಅಲ್ಲಿಗೆ ಬರುತ್ತಾರೆ. ಮುಂದಿನ ಸಾಲಿನಲ್ಲಿ ಕೂತು "ನಾನು ಬಚಾವ್" ಅಂದುಕೊಳ್ಳಬೇಡಿ. ಎರಡೂ ಕಡೆಯವರು ಇನ್ನು ಸಾಕು ಅಂದಾಗ ಕೂತಿರುವವರಿಗೇ ಪ್ರಮಾಣ ವಚನ.

ನಮ್ಮವರು ತಿಳಿದಿರಬೇಕಾದ ಒಂದು ವಿಷಯ. 2022ರಿಂದ ಕ್ರಿಮಿನಲ್ ಕೇಸುಗಳಲ್ಲಿ, ಹೀಗೆ ಕಾರಣ ಹೇಳದೆ ತೆಗೆದದ್ದಕ್ಕೆ ಎದುರಿನವರು ಆಕ್ಷೇಪಿಸಿದರೆ ಮಾತ್ರ ಲಾಯರ್ ಕಾರಣ ಹೇಳಲೇಬೇಕು. "ಇಂಗ್ಲಿಷ್ ಇವರ ತಾಯ್ನುಡಿಯಲ್ಲ", "ಬೇರೆ ಭಾಷೆ ಮಾತಾಡುತ್ತಾರೆ" ಎಂಬಂಥ ಕಾರಣಗಳು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕಲಾಪ ಅರ್ಥವಾಗುವಷ್ಟು ಇಂಗ್ಲಿಷ್ ಬಂದರೆ ಸಾಕು, ಉಚ್ಚಾರಣೆಯ ಬಗ್ಗೆ ಅಂಜಿಕೆ ಬೇಡ.

ಕ್ರಿಮಿನಲ್ ತೀರ್ಪಿಗೆ ಹನ್ನೆರಡೂ ಜನ ಒಪ್ಪಬೇಕು, ಸಿವಿಲ್‌ನಲ್ಲಿ ಒಂಬತ್ತು ಸಾಕು. ಭಾರತದಲ್ಲಿ 1959ರಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿ ಮೇಲಿನ ಕೊಲೆ ಕೇಸಿನ ಜ್ಯೂರಿ 8-1ರಿಂದ ನಿರಪರಾಧಿ ಅಂದಿತ್ತು. ಜಡ್ಜ್ ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಇಲ್ಲಿ ನಿರಪರಾಧಿ ಅಂದರೆ ಅಲ್ಲಿಗೆ ಮುಗಿಯಿತು.

ಕೇಸ್ ನಡೆಯುವಾಗ ಅದರ ವಿಷಯ ಮನೆಯವರ ಹತ್ತಿರವೂ ಮಾತಾಡುವಂತಿಲ್ಲ. ಘಟನೆ ನಡೆದ ಜಾಗ ಹೇಗಿದೆ ಅಂತ ಗೂಗಲ್ ಮ್ಯಾಪ್ ತೆರೆಯುವುದೂ ಕೂಡದು. ಜಡ್ಜ್ ನಿಮ್ಮನ್ನು ಬಿಡುಗಡೆ ಮಾಡಿದ ಮೇಲೆ ಬೇಕಿದ್ದರೆ ಮಾತಾಡಿ, ಬೇಡದಿದ್ದರೆ ಬಿಡಿ.