ಬಿಸಿಬೇಳೆಬಾತ್ ಬೇಡ, ಎಲೆ ಊಟ ಕಳಿಸಿ

ಕೆಲವು ವರ್ಷಗಳ ಹಿಂದೆ ಒಂದು ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ ಮಾಡಿ ಕಳಿಸಿದ್ದೆ. ರಾತ್ರಿ ಹನ್ನೊಂದೂವರೆಗೆ ಮಿಕ್ಸಿಂಗ್ ಮಾಡುತ್ತಿದ್ದವರ ಫೋನ್ ಬಂತು. "ಏನ್ರೀ, ನಿಮ್ಮ ಕೊಳಲು ಟೈಟಲ್ ಕಾರ್ಡ್ ಮೇಲೇ ಶುರುವಾಗಿಬಿಟ್ಟಿದೆ. ಅಜ್ಜಿ ಸಾಯೋದು ಇನ್ನೂ ನಾಲ್ಕು ನಿಮಿಷ ಆದ್ಮೇಲೆ ಅಲ್ವಾ?"

ನಾನು ಮಾಡಿದ್ದ ತಪ್ಪು ಸಣ್ಣದು. ಫೈಲುಗಳನ್ನು ಹೊರಗೆ ತೆಗೆಯುವಾಗ, ಶುರುವಿನಲ್ಲಿ ಖಾಲಿ ಜಾಗ ಇದ್ದರೆ ಕತ್ತರಿಸು ಅನ್ನುವ ಆಯ್ಕೆಗೆ ಟಿಕ್ ಬಿದ್ದಿತ್ತು. ಕೊಳಲಿನ ಫೈಲಿನಲ್ಲಿ ಮೊದಲ ನಾಲ್ಕು ನಿಮಿಷ ಬರೀ ಮೌನ. ಸಾಫ್ಟ್‌ವೇರ್ ಅದನ್ನು ಕಸ ಅಂದುಕೊಂಡು ಗುಡಿಸಿ ಹಾಕಿತ್ತು.

ಹೀಗೆ ವಾದ್ಯಗಳ ಗುಂಪಿಗೊಂದರಂತೆ ಕಳಿಸುವ ಫೈಲುಗಳಿಗೆ ಸ್ಟೆಮ್ಸ್ ಅನ್ನುತ್ತಾರೆ. ತಂತಿವಾದ್ಯಗಳದ್ದು ಒಂದು, ಡ್ರಮ್ಸ್ ಮತ್ತಿತರ ತಾಳವಾದ್ಯಗಳದ್ದು ಒಂದು, ಕೋರಸ್‌ದು ಒಂದು, ಸಿಂಥ್‌ದು ಒಂದು. ಎಲ್ಲವನ್ನೂ ಒಟ್ಟಿಗೆ ಪ್ಲೇ ಮಾಡಿದರೆ ಪೂರ್ತಿ ಸಂಗೀತ ಕೇಳಬೇಕು. ಅಡುಗೆಮನೆ ಲೆಕ್ಕದಲ್ಲಿ ಹೇಳುವುದಾದರೆ, ರೆಕಾರ್ಡ್ ಮಾಡಿದ ನೂರಾರು ಬಿಡಿ ಟ್ರ್ಯಾಕುಗಳು ಬೇಳೆ, ಹುಣಸೆಹಣ್ಣು, ಮೆಣಸಿನಕಾಯಿ ಇದ್ದ ಹಾಗೆ. ಪೂರ್ತಿ ಮಿಕ್ಸ್ ಅಂದರೆ ಬಿಸಿಬೇಳೆಬಾತ್. ಸ್ಟೆಮ್ಸ್ ಇವೆರಡರ ನಡುವಿನದು, ಬಾಳೆ ಎಲೆ ಮೇಲಿನ ಪಲ್ಯ, ಕೋಸಂಬರಿ, ಹುಳಿ. ಒಂದೊಂದೂ ಬೆಂದು ರೆಡಿಯಾಗಿದೆ, ಆದರೆ ಇನ್ನೂ ಕಲಸಿಲ್ಲ. ಎಷ್ಟು ಕಲಸಿಕೊಳ್ಳಬೇಕು ಅನ್ನುವುದು ಊಟಕ್ಕೆ ಕೂತವರಿಗೆ ಬಿಟ್ಟಿದ್ದು.

ಒಂದೇ ಫೈಲು ಕಳಿಸಿ ಆಮೇಲೆ ಬೇರ್ಪಡಿಸಿಕೊಳ್ಳಿ ಅಂದರೆ ಆಗಲ್ವಾ? ಕಷ್ಟ. ಕಂಪ್ಯೂಟರಿನೊಳಗೆ ಸದ್ದು ಅಂದರೆ ಸಂಖ್ಯೆಗಳ ಉದ್ದನೆಯ ಸಾಲು, ಸಿನಿಮಾ ಕೆಲಸದಲ್ಲಿ ಸೆಕೆಂಡಿಗೆ 48,000 ಸಂಖ್ಯೆಗಳು. ಮಿಕ್ಸ್ ಮಾಡುವುದು ಅಂದರೆ ಒಂದೇ ಕ್ಷಣದ ಸಂಖ್ಯೆಗಳನ್ನು ಕೂಡುವುದು. ಪಿಟೀಲಿನದ್ದು 1200, ಡ್ರಮ್ಮಿನದ್ದು ಮೈನಸ್ 300, ಕೊಳಲಿನದ್ದು 450 ಇದ್ದರೆ ಮಿಕ್ಸ್‌ನಲ್ಲಿ ಉಳಿಯುವುದು 1350. ಬರೀ 1350 ಕೊಟ್ಟು ಇದರಲ್ಲಿ ಕೊಳಲಿನ ಪಾಲೆಷ್ಟು ಅಂತ ಕೇಳಿದರೆ ಯಾವ ಗಣಿತದ ಮೇಷ್ಟ್ರೂ ಹೇಳಲಾರರು. ಈಗ ಯಂತ್ರಕಲಿಕೆಯ ಸಾಫ್ಟ್‌ವೇರುಗಳು ಇದನ್ನು ಊಹಿಸುತ್ತವೆ, ಕೆಲವು ಸಲ ಬೆರಗಾಗುವಷ್ಟು ಚೆನ್ನಾಗಿಯೇ ಊಹಿಸುತ್ತವೆ. 1970ರ ದಶಕದ ಕೊನೆಗೆ ಬೀಟಲ್ಸ್ ತಂಡದ ಜಾನ್ ಲೆನನ್ ಮನೆಯಲ್ಲಿ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ಒಂದು ಹಾಡಿನಲ್ಲಿ ಪಿಯಾನೋ ಸದ್ದು ಅವರ ದನಿಯನ್ನೇ ಮುಚ್ಚಿಹಾಕಿತ್ತು. 1995ರಲ್ಲಿ ಉಳಿದ ಬೀಟಲ್ಸ್ ಸೇರಿ ಪ್ರಯತ್ನಿಸಿ ಕೈಬಿಟ್ಟಿದ್ದರು. ಕೊನೆಗೆ ಇಂಥದೇ ಸಾಫ್ಟ್‌ವೇರಿನಿಂದ ದನಿಯನ್ನು ಬಿಡಿಸಿ 'ನೌ ಅಂಡ್ ದೆನ್' ಅಂತ 2023ರಲ್ಲಿ ಹೊರತಂದರು. ಆದರೆ ಅದು ಬೇರೆ ದಾರಿಯೇ ಇಲ್ಲದಾಗ ಮಾಡಬೇಕಾದ ಕೆಲಸ. ಎಲೆ ಊಟವನ್ನೇ ಬಡಿಸಬಹುದಾಗಿದ್ದಾಗ ಬಿಸಿಬೇಳೆಬಾತ್‌ನಿಂದ ಬೇಳೆ ಆರಿಸುತ್ತಾ ಕೂರುವುದು ಯಾಕೆ?

ಇನ್ನು, ಈ ಬಿಡಿ ಫೈಲುಗಳು ಸಿನಿಮಾದವರಿಗೆ ಯಾಕೆ ಬೇಕು? ಇಲ್ಲೊಂದು ಹೆಸರಿನ ಗೊಂದಲ ಇದೆ. ನಮ್ಮ ಕಡೆ ರೀರೆಕಾರ್ಡಿಂಗ್, ಆರ್‌ಆರ್ ಅಂದರೆ ಹಿನ್ನೆಲೆ ಸಂಗೀತ. ಹಾಲಿವುಡ್‌ನಲ್ಲಿ ಅದೇ ಮಾತಿಗೆ ಅರ್ಥ ಬೇರೆ, ಅಲ್ಲಿ ಅದು ಮಾತು, ಸಂಗೀತ, ಎಫೆಕ್ಟ್ಸ್ ಮೂರನ್ನೂ ಸೇರಿಸುವ ಕೊನೆಯ ಮಿಕ್ಸಿಂಗ್. ಆ ಕೊನೆಯ ಮಿಕ್ಸಿಂಗ್‌ನಲ್ಲಿ ನಿತ್ಯದ ಜಗಳ ಒಂದೇ, ಮಾತು ಕೇಳಿಸುತ್ತಿಲ್ಲ. ಅದಕ್ಕೆ ಕಾರಣ ನಮ್ಮ ಒಳಕಿವಿಯಲ್ಲಿದೆ. ಶಂಖದಂತೆ ಸುರುಳಿ ಸುತ್ತಿದ ಕಾಕ್ಲಿಯಾದೊಳಗೆ ಒಂದೊಂದು ಕಂಪನಾಂಕಕ್ಕೆ ಒಂದೊಂದು ಜಾಗ. ಹತ್ತಿರ ಹತ್ತಿರದ ಕಂಪನಾಂಕಗಳು ಹೆಚ್ಚುಕಡಿಮೆ ಒಂದೇ ಜಾಗವನ್ನು ಅಲುಗಾಡಿಸುತ್ತವೆ, ಜೋರಾಗಿದ್ದದ್ದು ಮೆತ್ತಗಿದ್ದದ್ದನ್ನು ನುಂಗಿಬಿಡುತ್ತದೆ. ಮಾತಿನ ವ್ಯಂಜನಗಳನ್ನು ಗುರುತಿಸಿಕೊಡುವ ಶಕ್ತಿ ಬಹಳಮಟ್ಟಿಗೆ 2,000ದಿಂದ 4,000 ಹರ್ಟ್ಸ್ ಆಸುಪಾಸಿನಲ್ಲಿದೆ. ಪಿಟೀಲಿನ ಹೊಳಪು ಇರುವುದೂ ಅಲ್ಲೇ. ಸಂಗೀತ ಒಂದೇ ಫೈಲಾಗಿದ್ದರೆ ಇಡೀ ಸಂಗೀತವನ್ನು ತಗ್ಗಿಸಬೇಕು, ದೃಶ್ಯದ ಜೀವವೇ ಹೋಗುತ್ತದೆ. ಸ್ಟೆಮ್ಸ್ ಇದ್ದರೆ ಪಿಟೀಲನ್ನು ಮಾತ್ರ ಎರಡು ಮೂರು ಡೆಸಿಬಲ್ ಇಳಿಸಿ, ಕೆಳಗಿನ ಚೆಲ್ಲೋ ಮತ್ತು ಡ್ರಮ್ಸನ್ನು ಹಾಗೇ ಬಿಡಬಹುದು. ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ, ಮಾತು ಮಾತ್ರ ಸ್ಪಷ್ಟವಾಗುತ್ತದೆ.

ಡಬ್ಬಿಂಗಿಗೂ ಇದೇ ತತ್ವ, ಸ್ವಲ್ಪ ದೊಡ್ಡ ಮಟ್ಟದಲ್ಲಿ. ಕೆಜಿಎಫ್ 2018ರಲ್ಲಿ ಕನ್ನಡದ ಜೊತೆಗೇ ತೆಲುಗು, ತಮಿಳು, ಮಲಯಾಳಂ, ಹಿಂದಿಯಲ್ಲೂ ತೆರೆಗೆ ಬಂತಲ್ಲ, ಹೀಗೆ ಐದು ಭಾಷೆಗೆ ಹೋಗುವ ಸಿನಿಮಾಕ್ಕೆ ಮಾತನ್ನು ಬಿಟ್ಟು ಸಂಗೀತ ಮತ್ತು ಎಫೆಕ್ಟ್ಸ್ ಮಾತ್ರ ಇರುವ ಟ್ರ್ಯಾಕ್ ಬೇಕೇ ಬೇಕು. ಎಂ ಅಂಡ್ ಇ ಅನ್ನುವುದು ಅದನ್ನೇ.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಸ್ಟೆಮ್ಸ್ ಎಲ್ಲ ಕೂಡಿದರೆ ಮಿಕ್ಸ್ ಬರಬೇಕು ಅಂತ ಮೇಲೆ ಸುಲಭವಾಗಿ ಹೇಳಿಬಿಟ್ಟೆ. ಎಷ್ಟೋ ಸಲ ಬರುವುದಿಲ್ಲ! ಕಳ್ಳ ಯಾರು ಅಂದರೆ, ಮಿಕ್ಸಿನ ಕೊನೆಯಲ್ಲಿ ಕೂತಿರುವ ಕಂಪ್ರೆಸರ್. ಜೋರಾದ ಸದ್ದನ್ನು ಒತ್ತಿ ಹಿಡಿಯುವುದು ಅದರ ಕೆಲಸ. ಅದರ ನಿಯಮ ಹೀಗಿದೆ ಅಂತ ಇಟ್ಟುಕೊಳ್ಳೋಣ: 1000 ದಾಟಿದರೆ, ದಾಟಿದ್ದರಲ್ಲಿ ಅರ್ಧ ಕತ್ತರಿಸು. ಒಂದು ಕ್ಷಣದಲ್ಲಿ ಪಿಟೀಲು 900, ಡ್ರಮ್ 900. ಪೂರ್ತಿ ಮಿಕ್ಸ್‌ನಲ್ಲಿ ಇವು ಕೂಡಿ 1800 ಆಗುತ್ತದೆ, ಮಿತಿ ದಾಟಿದ 800ರಲ್ಲಿ ಅರ್ಧ ಹೋಗಿ 1400 ಉಳಿಯುತ್ತದೆ. ಈಗ ಪಿಟೀಲಿನ ಸ್ಟೆಮ್ ಒಂದನ್ನೇ ತೆಗೆಯಿರಿ. ಅದು 900, ಮಿತಿಯೊಳಗೇ ಇದೆ, ಕಂಪ್ರೆಸರ್ ಮುಟ್ಟುವುದಿಲ್ಲ. ಡ್ರಮ್ಮಿನದ್ದೂ ಹಾಗೇ. ಎರಡನ್ನೂ ಕೂಡಿದರೆ 1800. ನಿರ್ದೇಶಕರು ಕೇಳಿ ಓಕೆ ಮಾಡಿದ್ದು 1400ನ್ನು, ಮಿಕ್ಸಿಂಗ್ ಥಿಯೇಟರಿಗೆ ಹೋದದ್ದು 1800. ಒಂದೊಂದಾಗಿ ಒತ್ತಿ ಕೂಡಿದ್ದೂ, ಕೂಡಿ ಒತ್ತಿದ್ದೂ ಒಂದೇ ಅಲ್ಲ. ಗಣಿತದವರು ಇದನ್ನು ನಾನ್‌ಲೀನಿಯರ್ ಅನ್ನುತ್ತಾರೆ. ಬರೀ ದನಿ ಏರಿಸಿ ಇಳಿಸುವುದು, ಮಾಮೂಲಿ ಈಕ್ವಲೈಸರ್, ಇವೆಲ್ಲ ಲೀನಿಯರ್, ಅವುಗಳಿಂದ ತೊಂದರೆ ಇಲ್ಲ.

ಇದಕ್ಕೆ ಒಂದು ಜಾಣ ಉಪಾಯ ಇದೆ. ಒಂದೊಂದು ಸ್ಟೆಮ್ ತೆಗೆಯುವಾಗಲೂ ಕಂಪ್ರೆಸರಿನ ಕಿವಿಗೆ ಮಾತ್ರ ಪೂರ್ತಿ ಮಿಕ್ಸನ್ನೇ ಕೇಳಿಸುವುದು. ಸೈಡ್‌ಚೈನ್ ಅನ್ನುವುದು ಇದನ್ನೇ. ಆಗ ಅದು 1800ನ್ನು ಕೇಳಿ, 1400ಕ್ಕೆ ಇಳಿಸಬೇಕಾದ ಪ್ರಮಾಣದಲ್ಲೇ ಪಿಟೀಲನ್ನು ಇಳಿಸುತ್ತದೆ. 900 ಹೋಗಿ 700 ಆಗುತ್ತದೆ, ಡ್ರಮ್ಮೂ 700, ಕೂಡಿದರೆ ಸರಿಯಾಗಿ 1400. ಮೊದಲ ಸಲ ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದಾಗ ಸುಮ್ನೆ ನಗು ಬಂದಿತ್ತು. ಆದರೆ ಟೇಪ್ ಸ್ಯಾಚುರೇಶನ್‌ನಂಥ, ಸದ್ದಿನ ಆಕಾರವನ್ನೇ ಬಗ್ಗಿಸುವ ಉಪಕರಣಗಳಿಗೆ ಈ ಉಪಾಯ ನಡೆಯದು. ಅವು ವಾದ್ಯಗಳ ಸದ್ದು ಒಂದಕ್ಕೊಂದು ಬೆರೆತಾಗ ಹೊಸ ಸ್ವರಗಳನ್ನೇ ಹುಟ್ಟಿಸುತ್ತವೆ. ಆ ಹೊಸ ಸ್ವರ ಪಿಟೀಲಿನದ್ದೋ ಡ್ರಮ್ಮಿನದ್ದೋ? ಇಬ್ಬರದ್ದೂ ಅಲ್ಲ. ಅದಕ್ಕೇ ಅವನ್ನು ಕೊನೆಯಲ್ಲಿ ಹಾಕದೆ ಒಂದೊಂದು ಗುಂಪಿನ ಮೇಲೇ ಹಾಕಿ ಮುಗಿಸುವುದು ಒಳ್ಳೆಯದು.

ಕೂಡಿದ್ದು ಸರಿಯಿದೆಯೋ ಇಲ್ಲವೋ ನೋಡಲು ಕಿವಿಯನ್ನು ನಂಬಬೇಡಿ, ರಾತ್ರಿ ಎರಡು ಗಂಟೆಯ ಕಿವಿಯನ್ನಂತೂ ನಂಬಲೇಬೇಡಿ. ಎಲ್ಲ ಸ್ಟೆಮ್ಸನ್ನೂ ಹೊಸ ಸೆಶನ್‌ಗೆ ಹಾಕಿ. ಪಕ್ಕದಲ್ಲಿ ಪೂರ್ತಿ ಮಿಕ್ಸ್ ಇಡಿ. ಆ ಮಿಕ್ಸಿನ ಮೇಲೆ, ಸೊನ್ನೆಗೆ ಅಡ್ಡಗೆರೆ ಎಳೆದಂಥ ಒಂದು ಗುಂಡಿ ಇರುತ್ತದಲ್ಲ, ಅದನ್ನು ಒತ್ತಿ. ಅಲೆ ತಲೆಕೆಳಗಾಗುತ್ತದೆ, 1350 ಇದ್ದದ್ದು ಮೈನಸ್ 1350 ಆಗುತ್ತದೆ. ಈಗ ಪ್ಲೇ ಮಾಡಿ. ಎಲ್ಲ ಸರಿಯಿದ್ದರೆ ಪರದೆ ಮೇಲೆ ಅಲೆಗಳು ಓಡುತ್ತಿರುತ್ತವೆ, ಸ್ಪೀಕರಿನಲ್ಲಿ ಮಾತ್ರ ಏನೂ ಇಲ್ಲ. ಏನಾದರೂ ಕೇಳಿಸಿದರೆ ಅದೇ ನಿಮ್ಮ ತಪ್ಪಿನ ಸದ್ದು. ಬರೀ ತಬಲಾ ಕೇಳಿಸಿದರೆ ಅದನ್ನು ಎರಡು ಸ್ಟೆಮ್ಮಿನಲ್ಲಿ ಹಾಕಿದ್ದೀರಿ, ಅಥವಾ ಯಾವುದರಲ್ಲೂ ಹಾಕಿಲ್ಲ. ಕೋರಸ್‌ನ ಬಾಲದಲ್ಲಿ ತೆಳುವಾದ ಉಸಿರಿನಂಥ ಸದ್ದು ಉಳಿದರೆ ಗಾಬರಿ ಬೇಡ, ಸದ್ದಿಗೆ ಪ್ರತಿಧ್ವನಿ ಸೇರಿಸುವ ಕೆಲವು ರಿವರ್ಬ್‌ಗಳು ಪ್ರತಿ ಸಲವೂ ಸ್ವಲ್ಪ ಬೇರೆ ಥರ ಅಲುಗಾಡುತ್ತವೆ.

ಟಿಕ್ ಹಾಕಬಾರದ ಇನ್ನೊಂದು ಆಯ್ಕೆ ನಾರ್ಮಲೈಸ್. ಅದು ಪ್ರತಿ ಫೈಲನ್ನೂ ಅದರ ಗರಿಷ್ಠ ಮಟ್ಟಕ್ಕೆ ಏರಿಸುತ್ತದೆ. ದೂರದಲ್ಲೆಲ್ಲೋ ಕೇಳಬೇಕಾದ ಗೆಜ್ಜೆ ಡ್ರಮ್ಮಿನಷ್ಟೇ ಜೋರಾಗಿ ಬಂದು ಮುಖಕ್ಕೆ ಹೊಡೆಯುತ್ತದೆ.

ಸಮಯದ ವಿಚಾರಕ್ಕೆ ಬಂದರೆ, ಈ 48,000 ಎಲ್ಲಿಂದ ಬಂತು ಅನ್ನುವುದೇ ಒಂದು ಕತೆ. ಮನುಷ್ಯರ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳುತ್ತದೆ, ಅದನ್ನು ಹಿಡಿಯಲು ಸೆಕೆಂಡಿಗೆ ಅದರ ಎರಡು ಪಟ್ಟಿಗಿಂತ ಜಾಸ್ತಿ ಮಾದರಿಗಳು, ಅಂದರೆ ಮೇಲೆ ಹೇಳಿದ ಸಂಖ್ಯೆಗಳು, ಬೇಕು. ಸಿಡಿಯ 44,100 ಆ ಕೆಲಸಕ್ಕೆ ಸಾಕಾಗುತ್ತದೆ. ಆದರೆ ಸಿನಿಮಾ ಸೆಕೆಂಡಿಗೆ 24 ಫ್ರೇಮ್. 48,000ವನ್ನು 24ರಿಂದ ಭಾಗಿಸಿದರೆ ಫ್ರೇಮಿಗೆ ಸರಿಯಾಗಿ 2000, 44,100ನ್ನು ಭಾಗಿಸಿದರೆ 1837.5. ಅರ್ಧ ಮಾದರಿಯನ್ನು ಎಲ್ಲಿಡುವುದು? ಇವೆರಡನ್ನು ಅದಲುಬದಲು ಮಾಡಿದರಂತೂ ಮುಗಿಯಿತು. 48,000ದ ಫೈಲನ್ನು 44,100 ಅಂದುಕೊಂಡು ಓಡಿಸಿದರೆ ಒಂದು ನಿಮಿಷದ ಸಂಗೀತ 65 ಸೆಕೆಂಡಿಗೆ ಎಳೆಯುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಕುಸಿಯುತ್ತದೆ, ಗಾಯಕಿಗೆ ನೆಗಡಿ ಬಂದ ಹಾಗೆ ಕೇಳುತ್ತದೆ.

ಎಲ್ಲ ಫೈಲೂ ಒಂದೇ ಜಾಗದಿಂದ ಶುರುವಾಗಬೇಕು ಅನ್ನುವುದು ನಾನು ಕೊಳಲಿನಿಂದ ಕಲಿತ ಪಾಠ. ಇದಕ್ಕೆ ಹಳೆಯ ರೀಲ್ ಕಾಲದ ಒಂದು ಉಪಾಯ ಈಗಲೂ ನಡೆಯುತ್ತದೆ. ಚಿತ್ರ ಶುರುವಾಗುವ ಎರಡು ಸೆಕೆಂಡ್ ಮೊದಲು, ಒಂದೇ ಒಂದು ಫ್ರೇಮಿನಷ್ಟು ಉದ್ದದ, ಅಂದರೆ ಸುಮಾರು 42 ಮಿಲಿಸೆಕೆಂಡಿನ 'ಪಿಪ್' ಸದ್ದು ಇಡುವುದು. ಎಲ್ಲ ಸ್ಟೆಮ್ಮಿನ ಪಿಪ್ ಒಟ್ಟಿಗೆ ಬಿದ್ದರೆ ಎಲ್ಲವೂ ಸಾಲಾಗಿವೆ ಅಂತ ಅರ್ಥ. ಬ್ರಾಡ್‌ಕಾಸ್ಟ್ ವೇವ್ ಫೈಲುಗಳಾದರೆ ತಮ್ಮ ಜಾಗವನ್ನು ತಮ್ಮೊಳಗೇ ಬರೆದುಕೊಂಡಿರುತ್ತವೆ, ಮಧ್ಯರಾತ್ರಿ ಸೊನ್ನೆ ಗಂಟೆಯಿಂದ ಎಷ್ಟನೇ ಮಾದರಿ ಅಂತ. ಚಿತ್ರದ ಮೊದಲ ಫ್ರೇಮನ್ನು ಒಂದು ಗಂಟೆ ಅಂತ ಲೆಕ್ಕ ಹಿಡಿಯುವ ರೂಢಿ ಇರುವುದರಿಂದ ಆ ಸಂಖ್ಯೆ ಎಷ್ಟೋ ಸಲ 17,28,00,000 ಆಗಿರುತ್ತದೆ.

ಗೇಮ್‌ನಲ್ಲಿ ಮಾತ್ರ ಆಟವೇ ಬೇರೆ. ಸಿನಿಮಾದಲ್ಲಿ ಅಜ್ಜಿ ಯಾವಾಗ ಸಾಯುತ್ತಾಳೆ ಅಂತ ಎಲ್ಲರಿಗೂ ಗೊತ್ತು. ಗೇಮ್‌ನಲ್ಲಿ ಆಟಗಾರ ಯಾವಾಗ ಕತ್ತಿ ಎಳೆಯುತ್ತಾನೋ ದೇವರಿಗೇ ಗೊತ್ತು. ಹಾಗಾಗಿ ಸ್ಟೆಮ್ಸನ್ನು ಕಲಸುವುದು ಮನುಷ್ಯರಲ್ಲ, ಆಟ ನಡೆಯುತ್ತಿರುವಾಗಲೇ ಪ್ರೋಗ್ರಾಮ್ ಕಲಸುತ್ತದೆ. ನಮ್ಮ ಯಕ್ಷಗಾನದ ಭಾಗವತರು ವೇಷಧಾರಿಯ ಹೆಜ್ಜೆ ನೋಡಿಕೊಂಡು ಪದ್ಯ ಎಳೆಯುವುದು, ಬಿಡುವುದು ಮಾಡುತ್ತಾರಲ್ಲ, ಆ ಕೆಲಸ ಇಲ್ಲಿ ಎಫ್‌ಮಾಡ್, ವೈಸ್‌ನಂಥ ಸಾಫ್ಟ್‌ವೇರುಗಳದ್ದು. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ನಾಲ್ಕೇ ಸ್ವರ, ಶತ್ರುಗಳ ಸಂಖ್ಯೆ ಕಡಿಮೆಯಾದ ಹಾಗೆ ವೇಗ ಏರುತ್ತಿತ್ತು. 1990ರ ಸೂಪರ್ ಮಾರಿಯೋ ವರ್ಲ್ಡ್‌ನಲ್ಲಿ ಮಾರಿಯೋ ಯೋಶಿ ಅನ್ನುವ ಡೈನೋಸಾರ್ ಮೇಲೆ ಹತ್ತಿದ ಕೂಡಲೇ ಅದೇ ಹಾಡಿಗೆ ಬೊಂಗೋ ಸೇರಿಕೊಳ್ಳುತ್ತಿತ್ತು, ಇಳಿದರೆ ಬೊಂಗೋ ಹೋಗುತ್ತಿತ್ತು. 2010ರ ರೆಡ್ ಡೆಡ್ ರಿಡೆಂಪ್ಶನ್‌ನ ಸಂಗೀತಗಾರರು ಬಹುಪಾಲು ಸಂಗೀತವನ್ನು ಒಂದೇ ಶ್ರುತಿ, ಒಂದೇ ವೇಗದಲ್ಲಿ ಕಟ್ಟಿದರು. ಎ ಮೈನರ್, ನಿಮಿಷಕ್ಕೆ 130 ತಾಳ. ಯಾವುದರ ಮೇಲೆ ಯಾವುದು ಬಂದು ಕೂತರೂ ಅಪಸ್ವರ ಆಗಬಾರದು ಅಂತ.

ಗೇಮ್ ಸ್ಟೆಮ್ಸ್‌ನಲ್ಲಿ ಕೈಕೊಡುವುದು ಸಾಮಾನ್ಯವಾಗಿ ಉದ್ದ. ಅವು ಸುತ್ತಿ ಸುತ್ತಿ ಬರುತ್ತವೆ. ಒಂದು ಪದರ, ಅಂದರೆ ಒಂದು ಸ್ಟೆಮ್, ಬರೀ 10 ಮಿಲಿಸೆಕೆಂಡ್ ಉದ್ದವಾಗಿದ್ದರೂ ಹತ್ತು ಸುತ್ತಿನ ಹೊತ್ತಿಗೆ ಡ್ರಮ್ಸ್ ಒಂದು ಕಡೆ, ಗಿಟಾರ್ ಇನ್ನೊಂದು ಕಡೆ. ಎಂಪಿ3 ಮಾಡಿ ಕಳಿಸಿದರೂ ಅದೇ ಪಾಡು. ಆ ವಿಧಾನ ಸದ್ದನ್ನು 1152 ಮಾದರಿಗಳ ಡಬ್ಬಿಗಳಲ್ಲಿ ತುಂಬುತ್ತದೆ, ತುಂಬದೆ ಉಳಿದ ಜಾಗಕ್ಕೆ ಮೌನ ಸುರಿಯುತ್ತದೆ, ಪ್ರತಿ ಸುತ್ತಿಗೂ ಒಂದು ಸಣ್ಣ ಬಿಕ್ಕಳಿಕೆ. ಇಲ್ಲಿ ಎಲ್ಲ ಪದರಗಳೂ ಸಾಮಾನ್ಯವಾಗಿ ಒಟ್ಟಿಗೇ ಓಡುತ್ತಿರುತ್ತವೆ. ಆಟಗಾರ ಕುದುರೆ ಕಟ್ಟಿ ಮರದ ಕೆಳಗೆ ಸುಮ್ಮನೆ ನಿಂತಿದ್ದಾಗಲೂ ಯುದ್ಧದ ಡ್ರಮ್ಸ್ ಒಳಗೆ ಬಡಿಯುತ್ತಲೇ ಇರುತ್ತದೆ, ದನಿ ಮಾತ್ರ ಸೊನ್ನೆಯಲ್ಲಿರುತ್ತದೆ.

ಆವತ್ತು ರಾತ್ರಿ ಕೊಳಲಿನ ಫೈಲನ್ನು ಮತ್ತೆ ತೆಗೆದೆ, ಈ ಸಲ ಶುರುವಿನ ನಾಲ್ಕು ನಿಮಿಷದ ಮೌನವನ್ನೂ ಸೇರಿಸಿ. ಸ್ಟೀರಿಯೋ, 48,000, 24 ಬಿಟ್. ನಿಮಿಷಕ್ಕೆ 17 ಎಂಬಿಗಿಂತ ಸ್ವಲ್ಪ ಜಾಸ್ತಿ, ನಾಲ್ಕು ನಿಮಿಷಕ್ಕೆ 69 ಎಂಬಿ, ಒಳಗೆ ಇದ್ದದ್ದು ಬರೀ ಸೊನ್ನೆಗಳು. ನಮ್ಮ ಮನೆಯ ಆಗಿನ ಇಂಟರ್ನೆಟ್‌ನಲ್ಲಿ ಆ ಮೌನ ಅಪ್‌ಲೋಡ್ ಆಗಿ ಮುಗಿಯುವ ಹೊತ್ತಿಗೆ ಒಂದು ಗಂಟೆ ದಾಟಿತ್ತು.