ಟೋಕಿಯೊ ಸ್ಟೇಷನ್ನಿನ ಬುಡದಲ್ಲಿ ನೀರು

ಹಳೆಯ ಬೇಲಿ ಕಂಬವೊಂದನ್ನು ಕಿತ್ತು ನೋಡಿದ್ದೀರಾ? ಅದು ಜಾಸ್ತಿ ಕೊಳೆತಿರುವುದು ನೆಲದ ಮಟ್ಟದಲ್ಲಿ. ಅಲ್ಲಿ ತೇವವೂ ಇದೆ, ಗಾಳಿಯೂ ಇದೆ. ಮರ ತಿನ್ನುವ ಶಿಲೀಂಧ್ರಕ್ಕೆ ಎರಡೂ ಬೇಕು. ಪೂರ್ತಿ ನೀರಿನಲ್ಲೇ ಮುಳುಗಿದ ಮರಕ್ಕೆ ಗಾಳಿ ಸಿಗುವುದಿಲ್ಲ. ಹಾಗಾಗಿ ಅದು ನೂರು ವರ್ಷ ಕಳೆದರೂ ಗಟ್ಟಿಯಾಗೇ ಇರಬಲ್ಲದು. ಟೋಕಿಯೊದ ಮುಖ್ಯ ರೈಲು ನಿಲ್ದಾಣ ಹತ್ತಿರಹತ್ತಿರ ಒಂದು ಶತಮಾನ ನಿಂತಿದ್ದು ಇಂಥ ಮರದ ಮೇಲೇ.

ಸ್ಟೇಷನ್ ಇರುವ ಮಾರುನೊಉಚಿ ಪ್ರದೇಶದ ಅಂಚಿಗೆ ನಾಲ್ಕು ಶತಮಾನದ ಹಿಂದೆ ಸಮುದ್ರದ ನೀರು ಬರುತ್ತಿತ್ತು. ಆಗ ಇಲ್ಲಿ ಆಳುತ್ತಿದ್ದ ತೊಕುಗಾವಾ ಇಎಯಾಸು ಕೋಟೆ ಕಟ್ಟುವ ಕಾಲದಲ್ಲಿ ಹತ್ತಿರದ ಗುಡ್ಡ ಅಗೆಸಿ, ಆ ಹಿನ್ನೀರಿಗೆ ಮಣ್ಣು ತುಂಬಿಸಿದ. ಒಟ್ಟಿನಲ್ಲಿ ಮೆತ್ತನೆಯ ನೆಲ. 1908ರಲ್ಲಿ ಕೆಲಸ ಶುರುವಾದಾಗ ಈ ನೆಲಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಪೈನ್ ಮರದ ಕಂಬಗಳನ್ನು ಬಡಿದು ಇಳಿಸಿದರು. ಕಂಬಗಳು ಅಂತರ್ಜಲದ ಮಟ್ಟಕ್ಕಿಂತ ಕೆಳಗಿದ್ದವು. ಅವುಗಳ ಮೇಲೆ ಸುಮಾರು 335 ಮೀಟರ್ ಉದ್ದದ ಕಟ್ಟಡ ಎದ್ದಿತು. 1914ರ ಡಿಸೆಂಬರ್ 20ರಂದು ಸ್ಟೇಷನ್ ತೆರೆಯಿತು.

ವಾಸ್ತುಶಿಲ್ಪಿ ತಾತ್ಸುನೊ ಕಿಂಗೊ. ಇಟ್ಟಿಗೆ ಕಟ್ಟಡದ ಒಳಗೆ ಆತ ಉಕ್ಕಿನ ಅಸ್ಥಿಪಂಜರ ಇಡಿಸಿದ್ದ. ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಿದ್ದು ಒಂಬತ್ತು ವರ್ಷದ ಮೇಲೆ. 1923ರ ಸೆಪ್ಟೆಂಬರ್ 1, ಮಧ್ಯಾಹ್ನ ಹನ್ನೆರಡಕ್ಕೆ ಎರಡು ನಿಮಿಷ ಬಾಕಿ. ಮಹಾ ಭೂಕಂಪ ಬಂತು. ಟೋಕಿಯೊದ ಅಸಾಕುಸಾದಲ್ಲಿದ್ದ ಹನ್ನೆರಡು ಅಂತಸ್ತಿನ ಇಟ್ಟಿಗೆ ಗೋಪುರ ನಡುವಲ್ಲೇ ಮುರಿದುಬಿತ್ತು. ಕಂಪನ ಮತ್ತು ಅದರ ಹಿಂದೆಯೇ ಬಂದ ಬೆಂಕಿಯಲ್ಲಿ ಲಕ್ಷದಷ್ಟು ಜನ ಸತ್ತರು. ಸ್ಟೇಷನ್ ಕಟ್ಟಡಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಇಟ್ಟಿಗೆ ಭಾರ ಹೊರುತ್ತದೆ, ಆದರೆ ಎಳೆದರೆ ಬಿರುಕು ಬಿಡುತ್ತದೆ. ಉಕ್ಕು ಎಳೆತ ತಡೆಯುತ್ತದೆ. ಎರಡೂ ಜೊತೆಯಾಗಿದ್ದವು.

ಭೂಮಿಗೆ ಜಗ್ಗದ ಕಟ್ಟಡ ಯುದ್ಧದ ಬೆಂಕಿಗೆ ಸಿಕ್ಕಿತು. 1945ರ ಮೇ 25ರ ಬಾಂಬ್ ದಾಳಿಯಲ್ಲಿ ಗುಮ್ಮಟಗಳೂ ಮೂರನೇ ಅಂತಸ್ತೂ ಸುಟ್ಟುಹೋದವು. ಯುದ್ಧ ಮುಗಿದ ಮೇಲೆ ಕೈಯಲ್ಲಿ ಸಾಮಾನಿಲ್ಲ, ದುಡ್ಡಿಲ್ಲ. ಎರಡೇ ಅಂತಸ್ತು ಉಳಿಸಿಕೊಂಡು, ಗುಮ್ಮಟದ ಜಾಗಕ್ಕೆ ಎಂಟು ಮೂಲೆಯ ಸರಳ ಚಾವಣಿ ಹಾಕಿದರು. ಅದು ಸುಮಾರು ಅರವತ್ತು ವರ್ಷ ಹಾಗೇ ಇತ್ತು. 1964ರಲ್ಲಿ ಜಗತ್ತಿನ ಮೊದಲ ಬುಲೆಟ್ ರೈಲು ಇಲ್ಲಿಂದ ಹೊರಟಾಗಲೂ ಸ್ಟೇಷನ್ನಿನ ತಲೆಯ ಮೇಲೆ ಆ ಚಾವಣಿಯೇ.

ಮಧ್ಯೆ ಕಟ್ಟಡವನ್ನು ಕೆಡವಿ ಗಗನಚುಂಬಿ ಕಟ್ಟುವ ಯೋಚನೆಯೂ ಬಂತು. ಜನ ಬಿಡಲಿಲ್ಲ. ಕೊನೆಗೆ 1914ರಲ್ಲಿ ಹೇಗಿತ್ತೋ ಹಾಗೇ ಮತ್ತೆ ಕಟ್ಟುವುದು ಅಂತ ತೀರ್ಮಾನವಾಯಿತು. ಖರ್ಚು ಸುಮಾರು 5,000 ಕೋಟಿ ಯೆನ್. ಈ ಜಾಗದಲ್ಲಿ ಇನ್ನೂ ಎಷ್ಟು ಅಂತಸ್ತು ಕಟ್ಟಲು ಹಕ್ಕಿತ್ತೋ, ಆ ಹಕ್ಕನ್ನು ಅಕ್ಕಪಕ್ಕದ ಕಟ್ಟಡಗಳಿಗೆ ಮಾರಿ ಹಣ ಹೊಂದಿಸಿದರು. ಹಿಂದೆ ಕಾಣುವ ಗಗನಚುಂಬಿಗಳ ಎತ್ತರದಲ್ಲಿ ಒಂದಿಷ್ಟು ಪಾಲು ಈ ಸ್ಟೇಷನ್ನಿನದು!

2007ರಿಂದ 2012ರವರೆಗೆ ನಡೆದ ಆ ಕೆಲಸ ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ. ಸುಮಾರು 70,000 ಟನ್ ತೂಕದ ಕಟ್ಟಡವನ್ನು ಸ್ವಲ್ಪ ಸ್ವಲ್ಪವಾಗಿ ತಾತ್ಕಾಲಿಕ ಕಂಬಗಳಿಗೆ ಹೊರಿಸಿದರು. ರೈಲು ಓಡುತ್ತಲೇ ಇತ್ತು. ಕೆಳಗಿನ ಪೈನ್ ಕಂಬಗಳನ್ನು ತೆಗೆದರು. ನೀರಿನಲ್ಲಿ ಮುಳುಗಿದ್ದ ಅವು ಇನ್ನೂ ಗಟ್ಟಿಯಾಗೇ ಇದ್ದವು. ಅವುಗಳ ಬದಲು ಬಂದಿದ್ದು 352 ರಬ್ಬರ್ ದಿಂಬುಗಳು. ಒಂದು ಪದರ ರಬ್ಬರ್, ಒಂದು ಪದರ ಉಕ್ಕಿನ ತಗಡು, ಮತ್ತೆ ರಬ್ಬರ್, ಮತ್ತೆ ತಗಡು. ಮೇಲಿಂದ ಒತ್ತಿದರೆ ಕಲ್ಲಿನಂತೆ ಗಟ್ಟಿ, ಅಡ್ಡಕ್ಕೆ ತಳ್ಳಿದರೆ ಮೆತ್ತಗೆ ಜರುಗುತ್ತದೆ. ನೆಲ ಪಟಪಟ ಅಂತ ಅದುರಿದರೂ ಮೇಲಿನ ಕಟ್ಟಡ ನಿಧಾನವಾಗಿ ತೂಗುತ್ತದೆ. ಆ ತೂಗಾಟ ಬೇಗ ನಿಲ್ಲಲಿ ಅಂತ 158 ಆಯಿಲ್ ಡ್ಯಾಂಪರ್‌ಗಳಿವೆ. ಬೈಕಿನ ಶಾಕ್ ಅಬ್ಸಾರ್ಬರ್ ಮಾಡುವ ಕೆಲಸವೇ ಅವುಗಳದ್ದೂ.

ಮೇಲಿನ ಕೆಲಸವೂ ಕಡಿಮೆಯಲ್ಲ. ಗೋಡೆಯ ಹತ್ತಿರ ಹೋಗಿ ನೋಡಿದರೆ ಇಟ್ಟಿಗೆಗಳ ನಡುವಿನ ಗಾರೆ ಒಳಗೆ ಕುಳಿತಿಲ್ಲ. ಅರ್ಧ ದುಂಡಗೆ ಹೊರಕ್ಕೆ ಉಬ್ಬಿದೆ. ಎರಡು ಸಾಲು ಸೇರುವ ಪ್ರತಿ ಮೂಲೆಯಲ್ಲೂ ಆ ಉಬ್ಬು ಚೊಕ್ಕವಾಗಿ ಕೂಡಬೇಕು. ಇಂಥ ಗಾರೆ ಕೆಲಸ ಅಪರೂಪವಾಗಿತ್ತು. ಅದಕ್ಕೆಂದೇ ಕರಣೆ ಮಾಡಿಸಿ, ಕೆಲಸಗಾರರು ಕೈ ಪಳಗಿಸಿಕೊಂಡರು. ಇನ್ನು ಚಾವಣಿಯ ಸ್ಲೇಟು ಕಲ್ಲುಗಳು. ಹಳೆಯವನ್ನು ಇಳಿಸಿ, ಸರಿಮಾಡಲು ಈಶಾನ್ಯ ಕರಾವಳಿಯ ಇಶಿನೊಮಾಕಿಗೆ ಕಳಿಸಿದ್ದರು. 2011ರ ಮಾರ್ಚ್‌ನಲ್ಲಿ ಅಲ್ಲಿಗೆ ಸುನಾಮಿ ನುಗ್ಗಿತು. ಊರೇ ನಾಶವಾದ ಆ ದಿನಗಳಲ್ಲೂ ಜನ ಕೆಸರಿನಿಂದ ಸ್ಲೇಟುಗಳನ್ನು ಹೆಕ್ಕಿ, ಒಂದೊಂದಾಗಿ ತೊಳೆದರು. ಅವು ಈಗ ಸ್ಟೇಷನ್ನಿನ ಮೇಲಿವೆ.

ನೀರಿನ ಕಥೆ ಇನ್ನೊಂದು ಬಾಕಿ ಇದೆ. ಕೆಂಪು ಕಟ್ಟಡದ ಪಕ್ಕದಲ್ಲೇ ನೆಲದೊಳಗೆ ಐದು ಅಂತಸ್ತು ಕೆಳಗೆ ಸೊಬು ಲೈನಿನ ಪ್ಲಾಟ್‌ಫಾರ್ಮ್‌ಗಳಿವೆ. 1972ರಲ್ಲಿ ಶುರುವಾದವು. ಆ ಕಾಲಕ್ಕೆ ಟೋಕಿಯೊದ ಕಾರ್ಖಾನೆಗಳು ದಶಕಗಳಿಂದ ಅಂತರ್ಜಲ ಹೀರಿ, ನಗರದ ಪೂರ್ವ ಭಾಗದ ನೆಲ ಕೆಲವೆಡೆ ನಾಲ್ಕು ಮೀಟರಿಗೂ ಜಾಸ್ತಿ ಕುಸಿದಿತ್ತು. ಸರ್ಕಾರ ಪಂಪುಗಳಿಗೆ ಕಡಿವಾಣ ಹಾಕಿತು. ನೀರು ಮೆಲ್ಲಗೆ ಮೇಲೇರತೊಡಗಿತು. ಖಾಲಿ ಚೊಂಬನ್ನು ಬಕೆಟ್ಟಿನ ನೀರಿಗೆ ಒತ್ತಿ ನೋಡಿ, ಕೈಯನ್ನೇ ಮೇಲಕ್ಕೆ ತಳ್ಳುತ್ತದೆ ಅಲ್ವಾ? ನೆಲದಡಿಯ ಸ್ಟೇಷನ್ ಕೂಡ ಒಳಗೆ ಗಾಳಿ ತುಂಬಿದ ದೊಡ್ಡ ಚೊಂಬು. ಅದು ತೇಲಿ ಮೇಲೆ ಬರುವ ಅಪಾಯ ನಿಜವಾಗಿಯೂ ಇತ್ತು! ಎಂಜಿನಿಯರುಗಳು ಅದರ ತಳವನ್ನು ಕೆಳಗಿನ ಗಟ್ಟಿ ನೆಲಕ್ಕೆ ಉಕ್ಕಿನ ಆಂಕರ್‌ಗಳಿಂದ ಬಿಗಿದು ಕಟ್ಟಿದರು.

ಸುರಂಗದೊಳಗೆ ಸೋರುವ ನೀರನ್ನೂ ಸುಮ್ನೆ ಚೆಲ್ಲಲಿಲ್ಲ. ಸುರಂಗದ ಗೋಡೆಗುಂಟ ಸುಮಾರು 12 ಕಿಲೋಮೀಟರ್ ಪೈಪ್ ಎಳೆದು, 2002ರಿಂದ ಅದನ್ನು ಟೋಕಿಯೊದ ಶಿನಾಗಾವಾ ಪ್ರದೇಶದ ತಾಚಿಆಯಿ ಎಂಬ ಪುಟ್ಟ ನದಿಗೆ ಬಿಡುತ್ತಿದ್ದಾರೆ. ಆ ನದಿ ಅಲ್ಲಿಯವರೆಗೆ ನಾರುತ್ತಿತ್ತು. ಮರುವರ್ಷ ಸಮುದ್ರದ ಕಡೆಯಿಂದ ಬೋರಾ ಮೀನುಗಳು ಅದರೊಳಕ್ಕೆ ಹಿಂಡುಗಟ್ಟಿ ಬಂದವು. ಜನ ಸೇತುವೆ ಮೇಲೆ ನಿಂತು ನೋಡಿದರು.