ಚರೆ ಎಲ್ಲಿ ನಿಲ್ಲುತ್ತದೆ?

ಅಮೆರಿಕದಲ್ಲಿ ನೆಲೆಸಿರುವ ಮಗನ ಮನೆಗೆ ಹೋದ ನಮ್ಮ ಕಡೆಯ ಹಿರಿಯರು ದೇವರ ಪಟ ತೂಗುಹಾಕಲು ಮೊಳೆ ಹೊಡೆದರೆ, ಎರಡೇ ಏಟಿಗೆ ಅದು ಒಳಗೆ ಹೋಗಿ ಸಡಿಲವಾಗಿ ಅಲ್ಲಾಡತೊಡಗುತ್ತದೆ. ಅಲ್ಲಿನ ಬಹುಪಾಲು ಮನೆಗಳಲ್ಲಿ ಕೋಣೆ ಕೋಣೆಗಳ ನಡುವಿನ ಗೋಡೆ ಎಂದರೆ ಅರ್ಧ ಇಂಚು ದಪ್ಪದ ಎರಡು ಜಿಪ್ಸಮ್ ಹಲಗೆಗಳು, ಅವುಗಳ ನಡುವೆ ಸುಮಾರು ಒಂಬತ್ತು ಸೆಂಟಿಮೀಟರ್ ಪೊಳ್ಳು, ಅಲ್ಲಲ್ಲಿ ನಿಲ್ಲಿಸಿದ ಮರದ ಕಂಬ, ಅಷ್ಟೇ. ಪಟ ತೂಗುಹಾಕುವವರಿಗೆ ಇದು ಸಣ್ಣ ಕಿರಿಕಿರಿ. ಆದರೆ ಮನೆಯ ರಕ್ಷಣೆಗೆಂದು ಶಾಟ್‌ಗನ್ ಇಟ್ಟುಕೊಂಡು ಅದಕ್ಕೆ ಯಾವ ತೋಟಾ ತುಂಬಬೇಕೆಂದು ಯೋಚಿಸುವ ಅಮೆರಿಕದ ಗೃಹಸ್ಥನಿಗೆ ಎಲ್ಲ ಲೆಕ್ಕವೂ ಈ ಗೋಡೆಯಿಂದಲೇ ಶುರುವಾಗುತ್ತದೆ. ಹೊರಟ ಚರೆ, ಅಂದರೆ ತೋಟಾದೊಳಗಿನ ಸೀಸದ ಕಾಳು, ಎಷ್ಟು ಜೋರಾಗಿ ಬಡಿಯುತ್ತದೆ ಎನ್ನುವುದಕ್ಕಿಂತ ಅದು ಎಲ್ಲಿ ಹೋಗಿ ನಿಲ್ಲುತ್ತದೆ ಎನ್ನುವುದೇ ಅಲ್ಲಿ ದೊಡ್ಡ ಪ್ರಶ್ನೆ.

ಶಾಟ್‌ಗನ್ ಎಂದರೆ ನಮ್ಮ ಮಲೆನಾಡು, ಕೊಡಗಿನವರಿಗೆ ಪರಿಚಯವಿರುವ ತೋಟಾಕೋವಿಯೇ. ನಳಿಗೆಯ ಒಳಮೈ ನುಣುಪಾಗಿರುತ್ತದೆ. ಒಂದೇ ಗುಂಡಿನ ಬದಲು ಹಲವು ಚರೆಗಳು ಒಟ್ಟಿಗೆ ಹೊರಡುತ್ತವೆ. ಹನ್ನೆರಡು ಬೋರ್ ಎಂಬ ಹೆಸರಿನ ಹಿಂದೆ ಹಳೆಯ ಕಾಲದ ಸೊಗಸಾದ ಅಳತೆಯೊಂದಿದೆ. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮಪಾಲು ಮಾಡಿ ಉಂಡೆ ಕಟ್ಟಿದರೆ ಒಂದೊಂದು ಉಂಡೆಯೂ ಸುಮಾರು 38 ಗ್ರಾಂ ತೂಗುತ್ತದೆ, ಅದರ ಅಗಲ 18.5 ಮಿಲಿಮೀಟರ್ ಆಗುತ್ತದೆ. ಅದೇ ನಳಿಗೆಯ ಒಳ ಅಗಲ. ಇಪ್ಪತ್ತು ಪಾಲು ಮಾಡಿದರೆ ಉಂಡೆ ಚಿಕ್ಕದಾಗುವುದರಿಂದ ಇಪ್ಪತ್ತು ಬೋರಿನ ಕೋವಿ ಹನ್ನೆರಡಕ್ಕಿಂತ ಸಣ್ಣದು.

ಒಂದು ತೋಟಾವನ್ನು ಉದ್ದಕ್ಕೆ ಸೀಳಿ ನೋಡಿದರೆ ತಳದಲ್ಲಿ ಲೋಹದ ಬಟ್ಟಲು, ಅದರ ನಡುವೆ ಮದ್ದಿಗೆ ಕಿಡಿ ಹಚ್ಚುವ ಕೇಪು, ಮೇಲೆ ಮದ್ದು, ಮದ್ದಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಲೋಟ, ಲೋಟದೊಳಗೆ ಚರೆ, ಕೊನೆಗೆ ಹೂವಿನ ಮೊಗ್ಗಿನಂತೆ ಮಡಿಚಿ ಮುಚ್ಚಿದ ಬಾಯಿ. ವ್ಯತ್ಯಾಸವೆಲ್ಲ ಇರುವುದು ಆ ಲೋಟದಲ್ಲಿ. ಹಕ್ಕಿ ಬೇಟೆಗೂ ಗುರಿ ಅಭ್ಯಾಸಕ್ಕೂ ಬಳಸುವ ಎಂಟನೇ ನಂಬರಿನ ಚರೆ 2.3 ಮಿಲಿಮೀಟರಿನದು, ಹೆಚ್ಚುಕಡಿಮೆ ಸಾಸಿವೆ ಕಾಳಿನಷ್ಟು. 32 ಗ್ರಾಂ ತುಂಬಿದರೆ ನಾನೂರೈವತ್ತಕ್ಕೂ ಹೆಚ್ಚು ಕಾಳುಗಳಾಗುತ್ತವೆ. ಜಿಂಕೆ ಬೇಟೆಗೆಂದು ಹುಟ್ಟಿದ ‘ಡಬಲ್ ಆಟ್ ಬಕ್’ 8.4 ಮಿಲಿಮೀಟರಿನದು, ಒಣ ಬಟಾಣಿಗಿಂತ ತುಸು ದಪ್ಪ. ಅದೇ ತೂಕಕ್ಕೆ ಇಲ್ಲಿ ಒಂಬತ್ತೇ ಚರೆ. ನಮ್ಮಲ್ಲಿ ಬ್ರಿಟಿಷರ ಅಳತೆ ಉಳಿದುಕೊಂಡಿರುವುದರಿಂದ ಇದಕ್ಕೆ ಸರಿಹೊಂದುವುದು ಎಸ್‌ಜಿ. ಎರಡರ ನಡುವೆ 6.1 ಮಿಲಿಮೀಟರಿನ ನಾಲ್ಕನೇ ನಂಬರ್ ಬಕ್, 7.6 ಮಿಲಿಮೀಟರಿನ ಒಂದನೇ ನಂಬರ್ ಬಕ್ ಇವೆ. ಎಲ್ಲದರಾಚೆಗೆ ಒಂದೇ ಒಂದು 28 ಗ್ರಾಂ ಸೀಸದ ಗುಂಡಾದ ಸ್ಲಗ್.

ಈಗ ಸ್ವಲ್ಪ ಲೆಕ್ಕ ಮಾಡೋಣ. 3.5 ಗ್ರಾಂ ತೂಕದ ಡಬಲ್ ಆಟ್ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ 280 ಜೂಲ್, ಒಂಬತ್ತೂ ಸೇರಿದರೆ ಸುಮಾರು 2,500 ಜೂಲ್. ಎಂಟನೇ ನಂಬರಿನ ಒಂದು ಕಾಳಿಗೆ ದಕ್ಕುವುದು ಐದು ಜೂಲ್‌ಗಿಂತಲೂ ಕಡಿಮೆಯಾದರೂ ಎಲ್ಲ ಕಾಳುಗಳನ್ನೂ ಕೂಡಿಸಿದರೆ ಮೊತ್ತ 2,000 ದಾಟುತ್ತದೆ. ಅಂದರೆ ಎರಡೂ ತೋಟಾಗಳ ಒಟ್ಟು ಶಕ್ತಿಯಲ್ಲಿ ಭಾರಿ ಅಂತರವೇನಿಲ್ಲ. ಆ ಶಕ್ತಿ ಎಷ್ಟು ಪಾಲಾಗಿದೆ ಎಂಬುದರಲ್ಲಿ ಮಾತ್ರ ಅಂತರವಿದೆ. ಗೋಲದ ಅಗಲ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಎದುರಿನ ತಡೆಯನ್ನು ಎದುರಿಸುವ ಮುಖದ ವಿಸ್ತೀರ್ಣ ಮಾತ್ರ ನಾಲ್ಕೇ ಪಟ್ಟು. ಹೀಗಾಗಿ ದಪ್ಪ ಚರೆ ತಡೆಯನ್ನು ಲೆಕ್ಕಿಸದೆ ಮುಂದೆ ಸಾಗುತ್ತದೆ, ಸಾಸಿವೆಯಂಥ ಚರೆ ಬೇಗನೆ ಸುಸ್ತಾಗುತ್ತದೆ. ಗಾಳಿಯಲ್ಲಾಗಲಿ, ಮರದಲ್ಲಾಗಲಿ, ಮಾಂಸಖಂಡದಲ್ಲಾಗಲಿ ಇದು ಬದಲಾಗುವುದಿಲ್ಲ.

ಎದುರಾಳಿಯನ್ನು ತಡೆಯಲು ಗುಂಡು ಮೈಯೊಳಗೆ ಎಷ್ಟು ಆಳಕ್ಕೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಒಂದು ದುರಂತದಿಂದ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಅಧಿಕಾರಿಗಳು ಸತ್ತರು. ದರೋಡೆಕೋರನೊಬ್ಬನಿಗೆ ತಗುಲಿದ್ದ ಪಿಸ್ತೂಲಿನ ಗುಂಡು ಮೊದಲು ಅವನ ತೋಳನ್ನು ಹಾದು, ಆಮೇಲೆ ಎದೆಯೊಳಗೆ ಹೊಕ್ಕು, ಹೃದಯವನ್ನು ಮುಟ್ಟುವ ಮೊದಲೇ ನಿಂತುಹೋಗಿತ್ತು. ಅವನು ಅದರ ನಂತರವೂ ಹೋರಾಡಿದ. ಆಗ ಸ್ಯಾನ್ ಫ್ರಾನ್ಸಿಸ್ಕೋದ ಸೇನಾ ಸಂಶೋಧನಾ ಸಂಸ್ಥೆಯಲ್ಲಿ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ಗಾಯಗಳ ವಿಜ್ಞಾನವನ್ನು ಅಭ್ಯಸಿಸುತ್ತಿದ್ದರು. ಶೇಕಡ 10ರ ಜೆಲಾಟಿನ್ ದ್ರಾವಣವನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ತಂಪುಮಾಡಿದ, ಮಾಂಸಖಂಡದ ಬದಲಿಗೆ ಬಳಸುವ ಗಟ್ಟಿಯೇ ಅವರ ಸಾಧನ. ಅದು ಸರಿಯಾಗಿ ಗಟ್ಟಿಯಾಗಿದೆಯೇ ಎಂದು ತಿಳಿಯಲು ಸೆಕೆಂಡಿಗೆ 180 ಮೀಟರ್ ವೇಗದಲ್ಲಿ ಸಣ್ಣ ಉಕ್ಕಿನ ಗೋಲಿಯನ್ನು ಹೊಡೆಯುತ್ತಾರೆ. ಗೋಲಿ ಸುಮಾರು ಎಂಟೂವರೆ ಸೆಂಟಿಮೀಟರ್ ಆಳದಲ್ಲಿ ನಿಂತರೆ ಗಟ್ಟಿ ಹದವಾಗಿದೆ ಎಂದರ್ಥ, ಪಾಕದ ಎಳೆ ನೋಡಿದ ಹಾಗೆ. ಈ ಗಟ್ಟಿಯಲ್ಲಿ ಕನಿಷ್ಠ 30 ಸೆಂಟಿಮೀಟರ್, ಹೆಚ್ಚೆಂದರೆ 45 ಸೆಂಟಿಮೀಟರ್ ಎಂಬ ಮಾನದಂಡ ಎಫ್‌ಬಿಐನಲ್ಲಿ ನೆಲೆಗೊಂಡಿತು. ಎದೆಯ ದಪ್ಪ ಅಷ್ಟಿಲ್ಲವಲ್ಲ ಎಂದು ಕೇಳುವವರಿಗೆ ಮಯಾಮಿಯ ಆ ತೋಳೇ ಉತ್ತರ.

ಎಂಟನೇ ನಂಬರಿನ ಚರೆ ಈ ಜೆಲಾಟಿನ್‌ನಲ್ಲಿ ಸಾಮಾನ್ಯವಾಗಿ 15 ಸೆಂಟಿಮೀಟರ್ ಒಳಗೇ ನಿಲ್ಲುತ್ತದೆ. ಹತ್ತಿರದಿಂದ ನೋಡಲು ಘೋರವಾದ ಗಾಯವಾಗುತ್ತದೆ, ಆದರೆ ಮೇಲುಮೇಲಿನ ಗಾಯ. ನಾಲ್ಕನೇ ನಂಬರ್ ಬಕ್ 30ರ ಗೆರೆಯ ಆಸುಪಾಸಿನಲ್ಲಿ ತೂಗಾಡುತ್ತದೆ, ಒಂದನೇ ನಂಬರ್ ಬಕ್ ಅದನ್ನು ನೆಮ್ಮದಿಯಾಗಿ ದಾಟುತ್ತದೆ, ಡಬಲ್ ಆಟ್ ಇನ್ನೂ ಆಳಕ್ಕೆ ಹೋಗುತ್ತದೆ. ಇಷ್ಟನ್ನೇ ನೋಡಿದರೆ ಒಂದನೇ ನಂಬರ್ ಬಕ್ಕೇ ಮೇಲು ಎಂದು ನನಗೂ ಅನ್ನಿಸುತ್ತದೆ. ಆದರೆ ಹದಿನಾರು ಚರೆ ತುಂಬಿದ ಆ ತೋಟಾದ ತೂಕ 41 ಗ್ರಾಂ ದಾಟುವುದರಿಂದ ಕೋವಿ ಜೋರಾಗಿ ಒದೆಯುತ್ತದೆ, ಅಂಗಡಿಗಳಲ್ಲಿ ಡಬಲ್ ಆಟ್‌ನಷ್ಟು ಸುಲಭವಾಗಿ ಸಿಗುವುದೂ ಇಲ್ಲ. ಒದೆತ ಸಣ್ಣ ವಿಷಯವಲ್ಲ. 3.2 ಕಿಲೋ ತೂಕದ ಕೋವಿಯಿಂದ ಒಂಬತ್ತು ಚರೆ ಹೊರಟಾಗ, ಮದ್ದಿನ ಹೊಗೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಕೋವಿ ಸೆಕೆಂಡಿಗೆ ಸುಮಾರು ನಾಲ್ಕು ಮೀಟರ್ ವೇಗದಲ್ಲಿ ಭುಜಕ್ಕೆ ಬಂದು ಬಡಿಯುತ್ತದೆ. ವೇಗವನ್ನು 350 ಮೀಟರಿಗೆ ಇಳಿಸಿದ ತೋಟಾಗಳನ್ನು ಅಲ್ಲಿನ ಪೊಲೀಸರು ಮೆಚ್ಚುವುದು ಇದಕ್ಕಾಗಿಯೇ.

ಇನ್ನು ಗೋಡೆಗೆ ಮರಳಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ಜೆಲಾಟಿನ್‌ನಲ್ಲಿ 30 ಸೆಂಟಿಮೀಟರ್ ಸಾಗಬಲ್ಲ ಯಾವ ಚರೆಗೂ ಜಿಪ್ಸಮ್ ಹಲಗೆ ಒಂದು ಅಡ್ಡಿಯೇ ಅಲ್ಲ. ಡಬಲ್ ಆಟ್ ಒಂದಲ್ಲ, ಹಲವು ಒಳಗೋಡೆಗಳನ್ನು ದಾಟುತ್ತದೆ. ಸ್ಲಗ್‌ನ ಮಾತು ಹೇಳುವುದೇ ಬೇಡ, ಮನೆಯೊಳಗೆ ಅದಕ್ಕೆ ಜಾಗವಿಲ್ಲವೆಂದೇ ನನ್ನ ಅಭಿಪ್ರಾಯ. ಗೋಲಾಕಾರದ ಚರೆಗೆ ತಲೆ ಬಾಲ ಎಂಬುದಿಲ್ಲವಾದ್ದರಿಂದ ಉದ್ದನೆಯ ಗುಂಡಿನಂತೆ ಅದು ಹಲಗೆಗೆ ತಾಗಿ ಪಲ್ಟಿ ಹೊಡೆದು ಶಕ್ತಿ ಕಳೆದುಕೊಳ್ಳುವುದೂ ಇಲ್ಲ. ಹಾಗಾದರೆ ಸಾಸಿವೆ ಚರೆಯೇ ಸುರಕ್ಷಿತ ಎನ್ನುವಂತಿಲ್ಲ. ಮೂರು ನಾಲ್ಕು ಮೀಟರಿನೊಳಗೆ ಕಾಳುಗಳು ಇನ್ನೂ ಚದುರಿರುವುದಿಲ್ಲ, ಗುಂಪಾಗಿ ಬಡಿದು ಗೋಡೆಯಲ್ಲಿ ತೂತು ಕೊರೆದುಬಿಡುತ್ತವೆ. ಬೇಕಾದ ಆಳವನ್ನು ಮುಟ್ಟುವ, ಆದರೆ ಗೋಡೆಯಲ್ಲಿ ನಿಲ್ಲುವ ಚರೆಯನ್ನು ಯಾವ ಕಂಪನಿಯೂ ಮಾಡಿಲ್ಲ, ಏಕೆಂದರೆ ಮಾಂಸಕ್ಕಿಂತ ಆ ಗೋಡೆಯೇ ಮೆದು. ನಮ್ಮ ಹಳ್ಳಿಯ ಮೊಳದಗಲದ ಮಣ್ಣುಗೋಡೆ ಅಥವಾ ಜಂಬಿಟ್ಟಿಗೆಯ ಗೋಡೆಯಾಗಿದ್ದರೆ ಈ ಚರ್ಚೆಯೇ ಹುಟ್ಟುತ್ತಿರಲಿಲ್ಲ.

ಚದುರುವಿಕೆಯ ಬಗ್ಗೆಯೂ ಒಂದು ಗಟ್ಟಿ ತಪ್ಪುಕಲ್ಪನೆ ಇದೆ. ಶಾಟ್‌ಗನ್ ಹಿಡಿದರೆ ಗುರಿ ಇಡುವುದೇ ಬೇಡ, ಚರೆ ಬಾಗಿಲಗಲಕ್ಕೆ ಹರಡುತ್ತದೆ ಎಂದು ಹಲವರು ನಂಬಿದ್ದಾರೆ. ಒಂದು ಗಜ ದೂರಕ್ಕೆ ಒಂದು ಇಂಚು ಎಂಬ ಸ್ಥೂಲ ಲೆಕ್ಕದಂತೆ ಐದು ಮೀಟರ್ ದೂರದಲ್ಲಿ ಚರೆಗಳು ಹರಡುವುದು ಅಂಗೈಯಗಲವನ್ನು ಸ್ವಲ್ಪ ಮೀರುವಷ್ಟು ಮಾತ್ರ. ಚರೆಗಳನ್ನು ಇನ್ನಷ್ಟು ದೂರದವರೆಗೆ ಹಿಡಿದಿಡುವ ಹೊಸ ಬಗೆಯ ಲೋಟಗಳಲ್ಲಿ ಅಷ್ಟೂ ಇರುವುದಿಲ್ಲ. ಗುಂಪಿನಿಂದ ಹೊರಗೆ ಸಿಡಿಯುವ ಚರೆಗಳಿಗೆ ಕಾರಣ ನಳಿಗೆಯೊಳಗೇ ಇದೆ. ಹೊರಡುವ ಕ್ಷಣದ ಒತ್ತಡಕ್ಕೆ ಕೆಳಗಿನ ಸಾಲಿನ ಮೆದು ಸೀಸ ಚಪ್ಪಟೆಯಾಗುತ್ತದೆ, ಚಪ್ಪಟೆಯಾದದ್ದು ಗಾಳಿಯಲ್ಲಿ ದಾರಿ ತಪ್ಪುತ್ತದೆ. ಸೀಸಕ್ಕೆ ಆಂಟಿಮನಿ ಬೆರೆಸುವುದು, ತಾಮ್ರ ಲೇಪಿಸುವುದು, ಚರೆಗಳ ನಡುವೆ ಪ್ಲಾಸ್ಟಿಕ್ ಪುಡಿ ತುಂಬುವುದು ಎಲ್ಲವೂ ಇದನ್ನು ತಪ್ಪಿಸಲಿಕ್ಕೆ.

ತೋಟಾದ ಆಯ್ಕೆಗೂ ಮುಂಚಿನ ಲೆಕ್ಕವೊಂದನ್ನು ಬಿಡುವಂತಿಲ್ಲ. ಆರ್ಥರ್ ಕೆಲರ್‌ಮನ್ ಮತ್ತು ಸಂಗಡಿಗರು 1993ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂದೂಕು ಇರುವ ಮನೆಯಲ್ಲಿ ಕೊಲೆಯ ಅಪಾಯ 2.7 ಪಟ್ಟು ಹೆಚ್ಚು ಕಂಡುಬಂತು. ಆ ಅಧ್ಯಯನದ ವಿಧಾನದ ಬಗ್ಗೆ ತಕರಾರುಗಳಿವೆ, ಆದರೂ ಕೋವಿಯನ್ನು ಬೀಗದೊಳಗೆ ಇಡಬೇಕೆಂಬುದರಲ್ಲಿ ಜವಾಬ್ದಾರಿಯುಳ್ಳ ಯಾರೂ ತಕರಾರು ತೆಗೆಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ 150 ಡೆಸಿಬೆಲ್ ಮೀರುವ ಸದ್ದು ಕಿವಿಗೆ ಮಾಡುವ ಹಾನಿ ಬೇರೆ.

ಅನುಭವಿಗಳು ತೋಟಾ ಕೊಂಡ ಮೇಲೆ ಮಾಡುವ ಕೆಲಸ ಸರಳವಾದದ್ದು. ಮಲಗುವ ಕೋಣೆಯ ಬಾಗಿಲಿನಿಂದ ಓಣಿಯ ಕೊನೆಯವರೆಗೆ, ಅಂದರೆ ಮನೆಯೊಳಗಿನ ಅತಿ ಉದ್ದದ ನೇರ ದೂರವನ್ನು ಟೇಪು ಹಿಡಿದು ಅಳೆಯುತ್ತಾರೆ. ಎಂಟು ಮೀಟರ್ ಬಂದಿತೆನ್ನೋಣ. ಗುಂಡಿನ ಅಭ್ಯಾಸದ ಮೈದಾನಕ್ಕೆ ಹೋಗಿ ಅಷ್ಟೇ ದೂರದಲ್ಲಿ ದೊಡ್ಡದೊಂದು ಕಾಗದ ಕಟ್ಟಿ, ಅದೇ ಕೋವಿಯಿಂದ ಅದೇ ತೋಟಾವನ್ನು ಹೊಡೆದು ನೋಡುತ್ತಾರೆ, ಏಕೆಂದರೆ ಒಂದೇ ತೋಟಾ ಎರಡು ಕೋವಿಗಳಲ್ಲಿ ಎರಡು ಬಗೆಯಾಗಿ ಹರಡಬಹುದು. ಕಾಗದದ ಮೇಲೆ ಎಂಟು ತೂತುಗಳು ಒತ್ತೊತ್ತಾಗಿದ್ದು ಒಂಬತ್ತನೆಯದು ಒಂದು ಗೇಣು ಆಚೆಗಿದ್ದರೆ, ಮನೆಗೆ ಬಂದು ಓಣಿಯ ಕೊನೆಯ ಗೋಡೆಯ ಮೇಲೆ ಆ ಗೇಣನ್ನು ಅಳೆದು, ಅದರ ಹಿಂದೆ ಯಾರು ಮಲಗುತ್ತಾರೆಂದು ನೋಡುತ್ತಾರೆ.